ಮೇಜಿನಳತೆಯ ಮಿಕಾಸಾ

1906ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ನೌಕಾಪಡೆಗೆ ‘ಡ್ರೆಡ್‌ನಾಟ್’ ಎಂಬ ಯುದ್ಧನೌಕೆ ಸೇರಿತು. ಒಂದೇ ಅಳತೆಯ ಹತ್ತು ದೊಡ್ಡ ಫಿರಂಗಿಗಳು, ಉಗಿ ಟರ್ಬೈನು, 21 ನಾಟ್ ವೇಗ. ಅಲ್ಲಿಯವರೆಗೆ ಜಗತ್ತಿನ ನೌಕಾಪಡೆಗಳು ಕೋಟಿಗಟ್ಟಲೆ ಸುರಿದು ಕಟ್ಟಿಸಿಕೊಂಡಿದ್ದ ಹಡಗುಗಳೆಲ್ಲ ಆ ಒಂದು ಹಡಗಿನಿಂದ ಹಳತಾಗಿಬಿಟ್ಟವು. ಅವನ್ನು ‘ಪ್ರಿ-ಡ್ರೆಡ್‌ನಾಟ್’ ಎಂದು ಕರೆಯುವ ರೂಢಿ ಬಂದದ್ದು ಆಮೇಲೆ. 1890ರ ಆಸುಪಾಸಿನಿಂದ ಹದಿನೈದು ವರ್ಷ ಸಮುದ್ರವಾಳಿದ ಈ ಹಡಗುಗಳಿಗೆ ಸಾಮಾನ್ಯವಾಗಿ ಮುಂದೆರಡು, ಹಿಂದೆರಡು ಹನ್ನೆರಡು ಅಂಗುಲದ ಫಿರಂಗಿಗಳು. ಎರಡೂ ಪಕ್ಕೆಗಳಲ್ಲಿ ಆರಂಗುಲದವುಗಳ ಸಾಲು, ಅವುಗಳ ನಡುವೆ ಸಿಕ್ಕ ಜಾಗದಲ್ಲೆಲ್ಲ ಇನ್ನೂ ಚಿಕ್ಕವು. ಎತ್ತರದ ಹೊಗೆಕೊಳವೆ, ಗಾಳಿ ಹಿಡಿಯುವ ಬಾಗುಕೊಳವೆಗಳು, ದೋಣಿಗಳು, ಹಾಯಿಹಡಗಿನ ಕಾಲ ಬಿಟ್ಟುಹೋದಂತಿದ್ದ ಕೂವೆಮರಗಳು ಬೇರೆ. ಯುದ್ಧಯಂತ್ರವಾಗಿ ಈ ಜಾತಿಯ ಆಯುಷ್ಯ ಚಿಕ್ಕದೇ. ಆದರೆ ಮಾದರಿ ಹಡಗು ಕಟ್ಟುವವರಿಗೆ ಇಷ್ಟು ತುಂಬಿಕೊಂಡ ವಸ್ತು ಇನ್ನೊಂದಿಲ್ಲ.

ಈ ಜಾತಿಯ ಯುದ್ಧನೌಕೆಗಳಲ್ಲಿ ಇಂದು ಉಳಿದಿರುವುದು ಒಂದೇ ಒಂದು, ಜಪಾನಿನ ‘ಮಿಕಾಸಾ’. ಟೋಕಿಯೊ ಕೊಲ್ಲಿಯ ದಂಡೆಯ ಯೊಕೊಸುಕಾ ಊರಿನಲ್ಲಿ ಅದು ಸ್ಮಾರಕವಾಗಿ ನಿಂತಿದೆ. ಹೆಸರು ನಾರಾದ ಒಂದು ಬೆಟ್ಟದ್ದು, ಹುಟ್ಟಿದ್ದು ಮಾತ್ರ ಇಂಗ್ಲೆಂಡಿನ ಬ್ಯಾರೊ-ಇನ್-ಫರ್ನೆಸ್‌ನಲ್ಲಿ. ಅಲ್ಲಿನ ವಿಕರ್ಸ್ ಕಾರ್ಖಾನೆ 1899ರ ಜನವರಿಯಲ್ಲಿ ಕೆಲಸ ಶುರುಮಾಡಿ, 1900ರ ನವೆಂಬರ್ 8ರಂದು ಹಡಗನ್ನು ನೀರಿಗಿಳಿಸಿ, 1902ರ ಮಾರ್ಚ್‌ನಲ್ಲಿ ಜಪಾನಿಗೆ ಒಪ್ಪಿಸಿತು. ಆ ಕಾಲದಲ್ಲಿ ಜಪಾನು ತರಿಸಿಕೊಂಡ ಆರು ಯುದ್ಧನೌಕೆಗಳೂ ಬ್ರಿಟನ್ನಿನಲ್ಲೇ ತಯಾರಾದವು, ಮಿಕಾಸಾ ಅವುಗಳಲ್ಲಿ ಕೊನೆಯದು. 1904ರಲ್ಲಿ ರಷ್ಯಾದ ಜತೆ ಯುದ್ಧ ಹತ್ತಿಕೊಂಡಾಗ ಅಡ್ಮಿರಲ್ ಟೋಗೊ ಹೆಯ್‌ಹಾಚಿರೊ ಏರಿದ್ದು ಇದನ್ನೇ. 1905ರ ಮೇ 27ರಂದು ತ್ಸುಶಿಮಾ ಜಲಸಂಧಿಯಲ್ಲಿ ರಷ್ಯಾದ ನೌಕಾಬಲ ನುಚ್ಚುನೂರಾದಾಗ ಜಪಾನಿ ಸಾಲಿನ ತಲೆಯಲ್ಲಿದ್ದ ಮಿಕಾಸಾ ಮೂವತ್ತಕ್ಕೂ ಹೆಚ್ಚು ಗುಂಡು ತಿಂದಿತ್ತು. ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಸಸೆಬೊ ಬಂದರಿನಲ್ಲಿ ನಿಂತಿದ್ದಾಗ ಹಡಗಿನ ಮದ್ದಿನಮನೆ ಸಿಡಿಯಿತು. ಶತ್ರುವಿನ ಗುಂಡಿಗೆ ಬಗ್ಗದ ಹಡಗು ತನ್ನದೇ ಮದ್ದಿಗೆ ತಳ ಸೇರಿತು. ಕದನದಲ್ಲಿ ಸತ್ತವರಿಗಿಂತ ಎಷ್ಟೋ ಹೆಚ್ಚು ಜನ ಅಂದು ಸತ್ತರು. ಮರುವರ್ಷ ಹಡಗನ್ನು ಮೇಲೆತ್ತಿದರು, ಸೇವೆಗೆ ಮರಳಿದ್ದು 1908ರಲ್ಲಿ.

ಯೊಕೊಸುಕಾಗೆ ಹೋಗಿ ಫೋಟೊ ತೆಗೆದುಕೊಂಡು ಬಂದರೆ ಮಾದರಿ ಕಟ್ಟಲು ಬೇಕಾದದ್ದೆಲ್ಲ ಸಿಕ್ಕಂತೆ ಎಂದು ಹೊಸಬರಿಗೆ ಅನ್ನಿಸುತ್ತದೆ. ಹಾಗಿಲ್ಲ. 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಮಿಕಾಸಾ ಸೇವೆಯಿಂದ ಹೊರಬಿತ್ತು. ಮತ್ತೆಂದೂ ಹೊರಡದ ಹಾಗೆ ನೆಲಕ್ಕೆ ಕೂರಿಸಿ, ಸುತ್ತ ಕಾಂಕ್ರೀಟು ಹಾಕಿ, 1926ರ ನವೆಂಬರ್‌ನಲ್ಲಿ ಸ್ಮಾರಕವೆಂದು ತೆರೆದರು. ಎರಡನೇ ಮಹಾಯುದ್ಧದಲ್ಲಿ ಜಪಾನು ಸೋತ ಮೇಲೆ ಅದರ ಫಿರಂಗಿ, ಗೋಪುರ, ಕೂವೆಮರ, ಹೊಗೆಕೊಳವೆಗಳೆಲ್ಲ ಹೋದವು. ಡೆಕ್ಕಿನ ಮೇಲೆ ಒಂದು ನೃತ್ಯಶಾಲೆಯೂ ಒಂದು ಮೀನಾಲಯವೂ ಎದ್ದವು! 1950ರ ದಶಕದಲ್ಲಿ ಹಡಗನ್ನು ಉಳಿಸುವ ಕೂಗೆದ್ದಾಗ ಕೈಜೋಡಿಸಿದವರಲ್ಲಿ, ಜಪಾನಿನ ವಿರುದ್ಧವೇ ಪೆಸಿಫಿಕ್ ಯುದ್ಧ ನಡೆಸಿದ್ದ ಅಮೆರಿಕದ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್ ಒಬ್ಬರು. ಎಳೆಯ ವಯಸ್ಸಿನಲ್ಲಿ, 1905ರಲ್ಲಿ, ಅವರು ಟೋಗೊ ಅವರನ್ನು ಕಣ್ಣಾರೆ ಕಂಡು ಮೆಚ್ಚಿದ್ದರು. ಚಿಲಿ ದೇಶದ ‘ಅಲ್ಮಿರಾಂತೆ ಲತೊರ್ರೆ’ ಎಂಬ ಯುದ್ಧನೌಕೆ ಆ ಹೊತ್ತಿಗೆ ಸರಿಯಾಗಿ ಒಡೆಯಿಸಿಕೊಳ್ಳಲು ಜಪಾನಿಗೆ ಬಂದಿತ್ತು. ಅದರಿಂದ ಕೆಲವು ಭಾಗ ತಂದು, ಉಳಿದದ್ದನ್ನು ಹೊಸದಾಗಿ ಮಾಡಿಸಿ, 1961ರ ಮೇ 27ರಂದು ಮಿಕಾಸಾವನ್ನು ಮತ್ತೆ ತೆರೆದರು. ಅಂದರೆ ಈಗ ಕಣ್ಣಿಗೆ ಕಾಣುವ ದೊಡ್ಡ ಫಿರಂಗಿಗಳು ಪ್ರತಿಕೃತಿ, ಕೂವೆಮರ ಹೊಗೆಕೊಳವೆಗಳು ಹೊಸವು, ನೀರಿನಡಿಯ ಒಡಲು ಕಾಣಿಸುವುದೇ ಇಲ್ಲ. ಒಡಲಿನ ಮೇಲ್ಭಾಗದ ಬಾಗು ಮತ್ತು ಒಟ್ಟು ಗಾತ್ರದ ಅಂದಾಜಿಗೆ ಈ ಸ್ಮಾರಕ ದೊಡ್ಡ ಆಧಾರ. ಸಣ್ಣಪುಟ್ಟ ವಿವರಕ್ಕೆ ಅದನ್ನೇ ನಂಬಿದರೆ 1905ರ ಹಡಗಿನ ಬದಲು 1961ರ ಹಡಗು ತಯಾರಾಗುತ್ತದೆ.

ಆದ್ದರಿಂದ ಇಂಥ ಮಾದರಿಗೆ ಅಂಟು, ಬಣ್ಣಕ್ಕಿಂತ ಮೊದಲು ಬೇಕಾಗುವುದು ಒಂದು ತಾರೀಖು. ಬ್ಯಾರೊದಿಂದ ಹೊರಬಿದ್ದ 1902ರ ಮಿಕಾಸಾ ಒಂದು. 1904ರ ಆಗಸ್ಟ್ 10ರ ಹಳದಿ ಸಮುದ್ರದ ಕದನದಲ್ಲಿ ಪೆಟ್ಟು ತಿಂದದ್ದು ಇನ್ನೊಂದು, ದುರಸ್ತಿಯಾಗಿ ತ್ಸುಶಿಮಾಕ್ಕೆ ಹೊರಟದ್ದು ಮತ್ತೊಂದು. ಸಮುದ್ರದ ತಳದಿಂದ ಎದ್ದುಬಂದ 1908ರ ನಂತರದ್ದು ಬೇರೆಯೇ. ಯುದ್ಧಕಾಲದಲ್ಲಿ ಹಡಗಿನ ಮೇಲೆ ಏನೇನೋ ಬರುತ್ತದೆ, ಏನೇನೋ ಹೋಗುತ್ತದೆ. ಬಣ್ಣ ಬದಲಾಗುತ್ತದೆ, ಚಿಕ್ಕ ಫಿರಂಗಿಗಳು ಜಾಗ ಬದಲಿಸುತ್ತವೆ. ಹಲವು ವರ್ಷಗಳ ಫೋಟೊಗಳನ್ನು ಕಲಸಿ ಕಟ್ಟಿದ ಹಡಗು ಎಷ್ಟೇ ನಾಜೂಕಾಗಿದ್ದರೂ ಯಾವ ದಿನವೂ ತೇಲಿರದ ಹಡಗಾಗುತ್ತದೆ. ಬಲ್ಲವರು ಪ್ರದರ್ಶನದಲ್ಲಿ ಮೊದಲು ಹುಡುಕುವ ತಪ್ಪೂ ಇದೇ.

ಆಧಾರಗಳಿಗೆ ಕೊರತೆಯಿಲ್ಲ, ಜರಡಿ ಹಿಡಿಯಬೇಕು ಅಷ್ಟೆ. ಬ್ಯಾರೊದ ಡಾಕ್ ಮ್ಯೂಸಿಯಂನಲ್ಲಿ ವಿಕರ್ಸ್ ಕಾರ್ಖಾನೆಯ ಗಾಜಿನ ನೆಗೆಟಿವ್‌ಗಳ ದೊಡ್ಡ ಸಂಗ್ರಹವಿದೆ. ಆ ಕಾಲದ ಹಡಗು ಕಾರ್ಖಾನೆಗಳು ಗಿರಾಕಿಗೆ ತೋರಿಸಲೆಂದು ತಾವೇ ದೊಡ್ಡ ಮಾದರಿಗಳನ್ನು ಮಾಡಿಸುತ್ತಿದ್ದವು. ಒಂದು ಅಡಿಗೆ ಕಾಲಂಗುಲ, ಅಂದರೆ 1:48, ಅವುಗಳಲ್ಲಿ ರೂಢಿಯಲ್ಲಿದ್ದ ಅಳತೆ. ಆ ಲೆಕ್ಕದಲ್ಲಿ ಮಿಕಾಸಾ ಸುಮಾರು ಎರಡೂಮುಕ್ಕಾಲು ಮೀಟರ್ ಆಗುತ್ತದೆ. ಇಂಥ ಮಾದರಿಗಳ ಒಡಲಿನ ಆಕಾರವನ್ನು ನಂಬಬಹುದು, ಬಣ್ಣವನ್ನು ನಂಬಬಾರದು. ಗಿರಾಕಿಯ ಕಣ್ಣು ಸೆಳೆಯಲು ಅವುಗಳ ಲೋಹದ ಭಾಗಗಳಿಗೆ ಚಿನ್ನದ, ಬೆಳ್ಳಿಯ ಲೇಪ ಕೊಡುತ್ತಿದ್ದರು. ಹಳೆಯ ಫೋಟೊಗಳಲ್ಲಿ ಇನ್ನೊಂದು ತೊಡಕಿದೆ. ಅಂದಿನ ಫಲಕಗಳಿಗೆ ಕೆಂಪು ಬೆಳಕು ತಾಕುತ್ತಿರಲಿಲ್ಲ, ನೀಲಿ ಹೆಚ್ಚು ತಾಕುತ್ತಿತ್ತು. ಹಾಗಾಗಿ ಕೆಂಪು ಬಣ್ಣ ಕಪ್ಪಾಗಿಯೂ ನೀಲಿ ಬಿಳುಪಾಗಿಯೂ ಮೂಡುತ್ತಿದ್ದವು. ಕಪ್ಪುಬಿಳುಪು ಚಿತ್ರದಲ್ಲಿ ಕಂಡ ಬೂದಿಯ ದಟ್ಟಣೆಯಿಂದ ಅಸಲಿ ಬಣ್ಣವನ್ನು ಅಳೆಯಹೋಗುವುದು ಅಪಾಯದ ಕೆಲಸ.

ತಾರೀಖು ಗೊತ್ತಾದ ಮೇಲೆ ಅಳತೆಯ ಲೆಕ್ಕ. ಇಲ್ಲಿಯೂ ಹುಷಾರಾಗಿರಬೇಕು. ಮಿಕಾಸಾದ ಉದ್ದ ಕೆಲವು ಪುಸ್ತಕಗಳಲ್ಲಿ 131.7 ಮೀಟರ್, ಇನ್ನು ಕೆಲವಲ್ಲಿ 122 ಮೀಟರ್. ಎರಡೂ ಸರಿ. ಮೊದಲನೆಯದು ಮೂತಿಯ ತುದಿಯಿಂದ ಹಿಂಬದಿಯ ತುದಿಯವರೆಗಿನ ಪೂರ್ತಿ ಉದ್ದ, ಎರಡನೆಯದು ಹಡಗು ಕಟ್ಟುವವರು ಲೆಕ್ಕಕ್ಕೆ ಇಟ್ಟುಕೊಳ್ಳುವ ಎರಡು ಲಂಬರೇಖೆಗಳ ನಡುವಿನದು. ಯಾವುದನ್ನು ಹಿಡಿದೆವೆಂದು ನೋಡದೆ ಭಾಗಿಸಿದರೆ 1:350ರ ಮಾದರಿ ಎರಡೂಮುಕ್ಕಾಲು ಸೆಂಟಿಮೀಟರ್ ಮೋಟಾಗುತ್ತದೆ.

ಪ್ಲಾಸ್ಟಿಕ್ ಕಿಟ್‌ಗಳ ಲೋಕದಲ್ಲಿ ಹಡಗಿಗೆ ಮುಖ್ಯವಾಗಿ 1:700, 1:350, 1:200 ಎಂಬ ಮೂರು ಅಳತೆಗಳು ನಡೆಯುತ್ತವೆ. ಮಿಕಾಸಾ ಮೊದಲನೆಯದರಲ್ಲಿ ಸುಮಾರು 19 ಸೆಂಟಿಮೀಟರ್, ಎರಡನೆಯದರಲ್ಲಿ 37.6, ಮೂರನೆಯದರಲ್ಲಿ 66. ಮನೆಯ ಮೇಜಿಗೂ ಮನುಷ್ಯನ ಕಣ್ಣಿಗೂ ಒಗ್ಗುವುದು ನಡುವಿನದು. 1:350ರಲ್ಲಿ 23.2 ಮೀಟರಿನ ಅಗಲ 6.6 ಸೆಂಟಿಮೀಟರಿಗೆ ಇಳಿಯುತ್ತದೆ. ಹನ್ನೆರಡು ಅಂಗುಲದ ಫಿರಂಗಿಯ ನಳಿಗೆ ಮೂರೂವರೆ ಸೆಂಟಿಮೀಟರ್ ಉದ್ದ, ಅದರ ಬಾಯಿ ಒಂದು ಮಿಲಿಮೀಟರಿಗೂ ಕಡಿಮೆ. ನಾವಿಕನೊಬ್ಬ 5 ಮಿಲಿಮೀಟರಿನೊಳಗೆ, ಅಕ್ಕಿಕಾಳಿಗಿಂತ ಗಿಡ್ಡ. ತೂಕದ ಲೆಕ್ಕ ಇನ್ನೂ ಸೋಜಿಗದ್ದು. ಉದ್ದ 350 ಪಾಲು ಕುಗ್ಗಿದರೆ ಗಾತ್ರ 350ರ ಘನದಷ್ಟು, ಅಂದರೆ ನಾಲ್ಕು ಕೋಟಿ ಇಪ್ಪತ್ತೆಂಟು ಲಕ್ಷಕ್ಕೂ ಹೆಚ್ಚು ಪಾಲು ಕುಗ್ಗುತ್ತದೆ. ಅಸಲಿ ಹಡಗು ಸುಮಾರು 15,380 ಟನ್ ನೀರನ್ನು ತಳ್ಳಿ ತೇಲುತ್ತಿತ್ತು. ಮಾದರಿಯನ್ನು ಸಿಹಿನೀರಿನ ತೊಟ್ಟಿಯಲ್ಲಿ ಬಿಟ್ಟು ಸರಿಯಾದ ಗೆರೆಗೆ ಮುಳುಗಿಸಬೇಕಾದರೆ ಅದರ ಒಟ್ಟು ತೂಕ 350 ಗ್ರಾಂ ಹತ್ತಿರ ಇರಬೇಕು.

ಜಪಾನಿನ ಹಸೆಗಾವಾ ಕಂಪನಿಯ 1:350ರ ಮಿಕಾಸಾ ಕಿಟ್ ಈ ಹಡಗನ್ನು ಕಟ್ಟುವವರಲ್ಲಿ ಹೆಸರುವಾಸಿ. ಎದುರಾಳಿಗಳೂ ಬೇಕೆನ್ನುವವರಿಗೆ ರಷ್ಯಾದ ಜ್ವೆಜ್ದಾ ಕಂಪನಿ ಅದೇ ಅಳತೆಯಲ್ಲಿ ‘ಬೊರೊಡಿನೊ’ ಜಾತಿಯ ಹಡಗುಗಳನ್ನು ಕೊಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬ್ರಿಟಿಷ್ ಮತ್ತು ಫ್ರೆಂಚ್ ಹಡಗುವಿದ್ಯೆಯ ಜಗಳವೇ ಕಣ್ಣೆದುರು ನಿಲ್ಲುತ್ತದೆ. ಮಿಕಾಸಾದ ಪಕ್ಕೆ ಹೆಚ್ಚುಕಡಿಮೆ ನೇರವಾಗಿ ಏರಿದರೆ, ಫ್ರೆಂಚ್ ಪದ್ಧತಿ ಹಿಡಿದ ರಷ್ಯನ್ ಹಡಗುಗಳ ಪಕ್ಕೆ ಮೇಲೇರುತ್ತ ಒಳಕ್ಕೆ ವಾಲುತ್ತದೆ. ಕಿಟ್ ಬೇಡ, ನಕ್ಷೆಯಿಂದಲೇ ಕಟ್ಟುತ್ತೇನೆನ್ನುವವರ ದಾರಿ ಬೇರೆ. ನಕ್ಷೆಯ ಅಡ್ಡಸೀಳುಗಳಂತೆ ಹಲಗೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲು ಮೆಟ್ಟಿಲಾಗಿ ಉಳಿದ ಅಂಚನ್ನು ಉಳಿ, ಅರಗಳಿಂದ ಸವರಿ ಒಡಲನ್ನು ಹೊರತೆಗೆಯುವುದು ಹಳೆಯ ಕ್ರಮ. ಪಕ್ಕೆಲುಬಿನಂಥ ಅಡ್ಡಪಟ್ಟಿಗಳನ್ನು ನಿಲ್ಲಿಸಿ ಅವುಗಳ ಮೇಲೆ ತೆಳು ಪಟ್ಟಿ ಹೊದಿಸುವುದು ಇನ್ನೊಂದು. ಕಂಪ್ಯೂಟರಿನಲ್ಲಿ ಆಕಾರ ಬರೆದು ತ್ರೀಡಿ ಪ್ರಿಂಟರಿನಲ್ಲಿ ತೆಗೆಯುವುದು ಈಗಿನ ರೂಢಿ.

ಕಿಟ್ಟಿನಲ್ಲಾದರೂ ಮೊದಲ ಕೆಲಸ ಒಡಲಿನದೇ. ತುಂಡುಗಳು ಕೂಡುವ ಸಂದಿಗೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು ಹಾಕಿ, ಒಣಗಿದ ಮೇಲೆ ಪುಟ್ಟಿ ತುಂಬಿ, ನೀರು ತೇವಿಸಿದ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಾರೆ. ಒಂದು ಕೈ ಪ್ರೈಮರ್ ಹೊಡೆದು ನೋಡಿದಾಗ ಮುಚ್ಚಿತೆಂದುಕೊಂಡಿದ್ದ ಸಂದಿ ಮತ್ತೆ ಕೂದಲೆಳೆಯಷ್ಟು ಕಾಣಿಸುತ್ತದೆ. ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ಬೇಸರದ ಕೆಲಸ, ಆದರೆ ಇಲ್ಲಿ ಅವಸರ ಮಾಡಿದ್ದನ್ನು ಆಮೇಲಿನ ಯಾವ ಕುಸುರಿಯೂ ಮುಚ್ಚುವುದಿಲ್ಲ. ನೀರಿನಡಿಯಲ್ಲಿ ಮುಂದಕ್ಕೆ ಚಾಚಿದ ಮೂತಿಯನ್ನು ಸವೆಸದಂತೆ ನೋಡಿಕೊಳ್ಳಬೇಕು. ಎದುರಾಳಿಯ ಪಕ್ಕೆಗೆ ಗುದ್ದಿ ಮುಳುಗಿಸುವ ಈ ಕೊಂಬು 1866ರ ಲಿಸ್ಸಾ ಕದನದ ನೆನಪು. ಅಲ್ಲಿ ಆಸ್ಟ್ರಿಯಾದ ಹಡಗೊಂದು ಇಟಲಿಯ ಹಡಗನ್ನು ಗುದ್ದಿ ಮುಳುಗಿಸಿದ ಮೇಲೆ ನಲವತ್ತು ವರ್ಷ ಎಲ್ಲ ದೇಶದವರೂ ಕೊಂಬು ಇಟ್ಟುಕೊಂಡರು. ಬಳಕೆಗೆ ಬಂದದ್ದು ಕಡಿಮೆ. ಮೂತಿಯ ಮೇಲೆ ಚಿನ್ನದ ಬಣ್ಣದ ಸೇವಂತಿಗೆ ಲಾಂಛನ, ಹಿಂಬದಿಯಲ್ಲಿ ಅಡ್ಮಿರಲ್ ಅಡ್ಡಾಡಲೆಂದು ಮಾಡಿದ ಬಾಲ್ಕನಿ. ಯುದ್ಧನೌಕೆಯ ಬೆನ್ನಿಗೆ ಬಂಗಲೆಯ ಬಾಲ್ಕನಿ ಅಂಟಿಸಿದ್ದು ಆ ಕಾಲದ ಠೀವಿ!

ಒಡಲಿನ ಪಕ್ಕೆಯಲ್ಲಿ ಕೈಗೆ ಹೆಚ್ಚು ಕೆಲಸ ಕೊಡುವುದು ಟಾರ್ಪಿಡೊ ಬಲೆ. ಬಂದರಿನಲ್ಲಿ ನಿಂತಾಗ ಹಡಗಿನ ಸುತ್ತ ಉಕ್ಕಿನ ಬಲೆ ಇಳಿಬಿಟ್ಟು, ಬರುವ ಟಾರ್ಪಿಡೊವನ್ನು ದೂರದಲ್ಲೇ ತಡೆಯುವ ಏರ್ಪಾಟು ಅದು. ಬೇಡದಿದ್ದಾಗ ಬಲೆಯನ್ನು ಸುತ್ತಿ ಡೆಕ್ಕಿನ ಅಂಚಿನ ಉದ್ದಕ್ಕೂ ಇದ್ದ ಚಾಚುಪಟ್ಟಿಯ ಮೇಲಿಡುತ್ತಿದ್ದರು, ಬಲೆ ಹಿಡಿಯುವ ಕಂಬಗಳು ಪಕ್ಕೆಗೆ ಓರೆಯಾಗಿ ಒರಗಿರುತ್ತಿದ್ದವು. ಕಿಟ್‌ಗಳಲ್ಲಿ ಈ ಸುರುಳಿ ಬರೀ ಪ್ಲಾಸ್ಟಿಕ್ ದಿಂಡಾಗಿ ಬರುವುದುಂಟು. ಅದನ್ನು ಕೆತ್ತಿ ತೆಗೆದು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಪಟ್ಟಿಯನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ, ಹೊಸೆದು, ಅಲ್ಲಲ್ಲಿ ತೆಳು ದಾರದಿಂದ ಬಿಗಿದು ಕೂರಿಸಿದರೆ ಅಸಲಿ ಬಲೆಯ ಗಂಟುಗಂಟಾದ ಮೈ ಬರುತ್ತದೆ. ಕಟ್ಟುವ ದಾರದ ಅಂತರ ತೀರಾ ಒಂದೇ ಸಮ ಇರಬಾರದು. ನಾವಿಕರು ಕೈಯಲ್ಲಿ ಕಟ್ಟಿದ್ದು ಅದು. ಮಿಕಾಸಾ ಬ್ಯಾರೊದಿಂದ ಬಂದದ್ದು ಬಲೆಯ ಸಮೇತ. ಯುದ್ಧದ ದಿನಗಳ ಮಾದರಿಯಾದರೆ ಬಲೆ, ಕಂಬ ಇಡುವ ಮುಂಚೆ ಆ ದಿನಕ್ಕೆ ಹತ್ತಿರದ ಫೋಟೊ ನೋಡಿಯೇ ಇಡಬೇಕು.

ಫಿರಂಗಿಗಳಲ್ಲಿ ನಾಲ್ಕು ದೊಡ್ಡವಕ್ಕೆ ತೊಂದರೆಯಿಲ್ಲ. ಪ್ಲಾಸ್ಟಿಕ್ ನಳಿಗೆಗಳ ಬದಲು ಲೇತಿನಲ್ಲಿ ಕಡೆದ ಹಿತ್ತಾಳೆ ನಳಿಗೆಗಳನ್ನು ಹಾಕುವುದು ಈಗ ಮಾಮೂಲು. ಆರಂಗುಲದ ಹದಿನಾಲ್ಕರಲ್ಲಿ ಹತ್ತು ಕೆಳ ಡೆಕ್ಕಿನಲ್ಲಿ ಕವಚದ ಹಿಂದೆ, ನಾಲ್ಕು ಮೇಲಿನ ಡೆಕ್ಕಿನ ಮೂಲೆಗಳಲ್ಲಿ. ಒಡಲು ಮುಚ್ಚುವ ಮುಂಚೆಯೇ ಒಳಗಿನ ಗೋಡೆಗೆ ಕಪ್ಪು ಬಳಿಯದಿದ್ದರೆ, ಫಿರಂಗಿ ಕಿಂಡಿಯಿಂದ ಇಣುಕಿದವರಿಗೆ ಹಡಗಿನ ಆಚೆಯ ಪಕ್ಕದ ಬೆಳಕು ಕಾಣುತ್ತದೆ. ಕೆಳಸಾಲಿನ ಈ ಫಿರಂಗಿಗಳು ನೀರಿಗೆ ಎಷ್ಟು ಹತ್ತಿರವಿದ್ದವೆಂಬುದು ಮಾದರಿಯಲ್ಲಿ ಎದ್ದು ಕಾಣುತ್ತದೆ. ಸಮುದ್ರ ಎದ್ದಾಗ ಕಿಂಡಿಗಳಿಗೆ ನೀರು ನುಗ್ಗುವುದು ಈ ಜಾತಿಯ ಹಡಗುಗಳಿಗೆಲ್ಲ ಇದ್ದ ರೋಗ. ಪುಸ್ತಕದಲ್ಲಿ ಪುಟಗಟ್ಟಲೆ ಓದಿದರೂ ಹತ್ತದ ಈ ಮಾತು ಮಾದರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದಾಗ ಸುಲಭವಾಗಿ ಹತ್ತುತ್ತದೆ.

ಡೆಕ್ಕಿನ ಮರದ ಹಲಗೆಗಳು ಈ ಅಳತೆಯಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ ಅಗಲ. ಹಿಂಬದಿಗೆ ಗೋಂದಿರುವ ತೆಳು ಮರದ ಹಾಳೆಯನ್ನೇ ಕತ್ತರಿಸಿ ಮಾರುತ್ತಾರೆ, ಅಂಟಿಸಿದರೆ ಆಯಿತು. ಬಣ್ಣವನ್ನೇ ನೆಚ್ಚುವವರು ಮೊದಲು ಮಾಸಿದ ಮರಳಿನ ಬಣ್ಣ ಹೊಡೆದು, ಅಲ್ಲೊಂದು ಇಲ್ಲೊಂದು ಹಲಗೆಯನ್ನು ಎಳೆಕುಂಚದಿಂದ ಒಂದು ಛಾಯೆ ಗಾಢ ಅಥವಾ ತೆಳು ಮಾಡುತ್ತಾರೆ. ಹೊಸಬರು ಡೆಕ್ಕಿಗೆ ಮೇಜು ಕುರ್ಚಿಯ ಕಂದುಬಣ್ಣ ಬಳಿದು ಕೆಡಿಸುವುದು ಹೆಚ್ಚು. ಉಪ್ಪುನೀರು, ಬಿಸಿಲು, ದಿನಾ ಉಜ್ಜುವುದು ಇವುಗಳಿಂದ ಹಡಗಿನ ಮರ ಬೂದಿಗೆ ತಿರುಗಿರುತ್ತದೆ.

ಬಣ್ಣದ ಮಾತೆತ್ತಿದರೆ ಈ ಬಳಗದಲ್ಲಿ ವಾದ ಮುಗಿಯುವುದಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟಿಷ್ ಯುದ್ಧನೌಕೆಗಳಿಗೆ ಕಪ್ಪು ಒಡಲು, ಮೇಲೆ ಬಿಳಿ, ಹೊಗೆಕೊಳವೆ ಮತ್ತು ಕೂವೆಮರಗಳಿಗೆ ನಸುಹಳದಿ. 1903ರ ಹೊತ್ತಿಗೆ ಅದು ಹೋಗಿ ಬೂದಿ ಬಂತು. ತ್ಸುಶಿಮಾಕ್ಕೆ ಬಂದ ರಷ್ಯನ್ ಹಡಗುಗಳ ಒಡಲು ಕಪ್ಪು, ಹೊಗೆಕೊಳವೆ ಹಳದಿ. ಗುರಿಯಿಡುವವರಿಗೆ ಇದಕ್ಕಿಂತ ಉಪಕಾರ ಬೇಕೆ? ಜಪಾನಿನವು ಗಾಢ ಬೂದಿ. ಎಷ್ಟು ಗಾಢ ಎಂಬುದರ ಮೇಲೆ ಮಾದರಿ ಕಟ್ಟುವವರ ಒಂದೊಂದು ಗುಂಪಿಗೆ ಒಂದೊಂದು ಅಭಿಪ್ರಾಯ. ಒಂದು ಸಂಗತಿಯನ್ನು ಮಾತ್ರ ಬಹುಪಾಲು ಮಂದಿ ಒಪ್ಪುತ್ತಾರೆ: ಅಸಲಿ ಹಡಗಿನ ಬಣ್ಣವನ್ನೇ ತಂದು ಮಾದರಿಗೆ ಹಚ್ಚಿದರೆ ಬೇಕಾದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ದೊಡ್ಡ ಹಡಗನ್ನು ಜನ ದೂರದಿಂದ, ನಡುವಿನ ಗಾಳಿಯ ಮಬ್ಬಿನ ಮೂಲಕ ನೋಡುತ್ತಾರೆ. ಅದಕ್ಕೆ ಚೂರು ಬಿಳಿ ಬೆರೆಸಿ ತೆಳು ಮಾಡುವುದು ರೂಢಿ. ಏರ್‌ಬ್ರಷ್‌ನಿಂದ ಮೊದಲು ನೀರಿನಡಿಯ ಭಾಗಕ್ಕೆ ಕಂದುಗೆಂಪು, ಮರೆಪಟ್ಟಿ ಅಂಟಿಸಿ ಮೇಲಕ್ಕೆ ಬೂದಿ, ಕೊನೆಗೆ ಡೆಕ್ಕು. ನೀರಿನ ಗೆರೆಯನ್ನು ಕೈಯಲ್ಲಿ ಎಳೆಯಬಾರದು. ಒಡಲನ್ನು ಸಮತಟ್ಟಾದ ಗಾಜಿನ ಮೇಲೆ ನಿಲ್ಲಿಸಿ, ಒಂದೇ ಎತ್ತರಕ್ಕೆ ಬಿಗಿದ ಪೆನ್ಸಿಲನ್ನು ಸುತ್ತಲೂ ಸರಿಸಿ ಗುರುತು ಹಾಕುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಮೇಲೆ ಬಿಳಿ ಮಂಕು ಕೂರುತ್ತದೆ. ಮಳೆಗಾಲದಲ್ಲಿ ಈ ಕೆಲಸ ಮುಂದಕ್ಕೆ ಹಾಕುವುದು ಒಳ್ಳೆಯದು.

ಪ್ರಿ-ಡ್ರೆಡ್‌ನಾಟ್‌ನ ಅಸಲಿ ಸೊಗಸು ಡೆಕ್ಕಿನ ಮೇಲಿನ ಸಂತೆಯಲ್ಲಿದೆ. ದೋಣಿಗಳು, ಅವನ್ನು ಇಳಿಸುವ ಬಾಗುಕಂಬಗಳು, ಶೋಧದೀಪಗಳು, ಏಣಿಗಳು, ಲಂಗರು ಸರಪಳಿ, ಕೆಳಗಿನ 25 ಬಾಯ್ಲರುಗಳ ಕೋಣೆಗೆ ಗಾಳಿ ಇಳಿಸುವ ಅಗಲಬಾಯಿಯ ಕೊಳವೆಗಳು. ಪ್ಲಾಸ್ಟಿಕ್ಕಿನಲ್ಲಿ ಈ ಬಾಯಿಗಳು ಮುಚ್ಚಿಕೊಂಡು ಬಂದಿದ್ದರೆ ಕೈ ಡ್ರಿಲ್ಲಿನಿಂದ ಒಂದೊಂದನ್ನೂ ಕೊರೆದು, ಅಂಚು ಕಾಗದದಷ್ಟು ತೆಳುವಾಗುವವರೆಗೆ ಕೆರೆಯಬೇಕು. ತ್ಸುಶಿಮಾದ ಮಿಕಾಸಾ ಬೇಕೆನ್ನುವವರು ಮುಂದಿನ ಸೇತುವೆಯನ್ನು ಮರೆಯಬಾರದು. ಟೋಗೊ ಕವಚದ ಕೋಣೆಯೊಳಗೆ ಹೋಗದೆ ಅದರ ಮೇಲಿನ ತೆರೆದ ಜಗಲಿಯಲ್ಲೇ ನಿಂತಿದ್ದರು. ಸಿಡಿಚೂರು ತಡೆಯಲು ನಾವಿಕರ ತೂಗುಹಾಸಿಗೆಗಳನ್ನು ಸುರುಳಿ ಸುತ್ತಿ ಕಟಾಂಜನದ ಸುತ್ತ ಒತ್ತಾಗಿ ಕಟ್ಟಿದ್ದರು. ಎಪಾಕ್ಸಿ ಪುಟ್ಟಿಯನ್ನು ಎಳೆಯಾಗಿ ಹೊಸೆದು, ಸಮ ತುಂಡು ಮಾಡಿ, ಸೂಜಿಮೊನೆಯಿಂದ ಹಗ್ಗದ ಗುರುತು ಒತ್ತಿದರೆ ಆ ಹಾಸಿಗೆಗಳು ತಯಾರು.

ಕಟಾಂಜನ, ಏಣಿಗಳಿಗೆ ಹಿತ್ತಾಳೆಯ ತೆಳು ತಗಡು ಬೇಕೇಬೇಕು. ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿದ ತಗಡಿನ ಮೇಲೆ ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಟ್ಟು, ಉಳಿದ ಜಾಗವನ್ನು ರಾಸಾಯನಿಕದಲ್ಲಿ ತಿನ್ನಿಸಿ ಇದನ್ನು ಮಾಡುತ್ತಾರೆ. ಮಾದರಿಗರ ಬಾಯಲ್ಲಿ ಇದು ‘ಪಿಇ’. ಹರಿತ ಬ್ಲೇಡಿನಿಂದ ಬಿಡಿಸಿ, ಚಿಮುಟದಲ್ಲಿ ಹಿಡಿದು, ಫೆವಿಕ್ವಿಕ್ ಜಾತಿಯ ಅಂಟಿನ ಹನಿಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿ ಕೂರಿಸಬೇಕು. ಚಿಮುಟದ ಬಿಗಿ ಸ್ವಲ್ಪ ತಪ್ಪಿದರೆ ಬಾಗಿಲಿನಷ್ಟು ಚೂರು ಪುಟಿದು ಕೋಣೆಯ ಯಾವ ಮೂಲೆ ಸೇರಿತೋ ಗೊತ್ತಾಗದು. ಕಟಾಂಜನವನ್ನು ಡೆಕ್ಕಿನ ಬಾಗಿಗೆ ಮೊದಲೇ ಬಗ್ಗಿಸಿಕೊಂಡು ಅಂಟಿಸುವುದು ಜಾಣತನ. ಅಂಟಿಸಿ ಬಗ್ಗಿಸಹೋದರೆ ಮಡಚುತ್ತದೆ. ಕದನದ ದಿನದ ಮಾದರಿಗಾದರೆ ಫಿರಂಗಿ ತಿರುಗಲು ಅಡ್ಡ ಬರುವ ಕಡೆ ಕಟಾಂಜನವನ್ನು ಇಳಿಸಿಟ್ಟಿರುತ್ತಿದ್ದರೆಂಬುದು ನೆನಪಿರಲಿ. ಕೆಲಸವೂ ಉಳಿಯುತ್ತದೆ.

ಹಗ್ಗ, ತಂತಿಗಳು ಕೊನೆಗೆ. ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕಡ್ಡಿಯನ್ನು ಎಸೆಯದೆ, ಮೋಂಬತ್ತಿಯ ಉರಿಗೆ ಮೇಲಿನಿಂದ ಹಿಡಿದು ತಿರುಗಿಸುತ್ತಾರೆ. ಅದು ಮೆತ್ತಗಾಗಿ ಹೊಳಪೇರಿದ ಗಳಿಗೆಯಲ್ಲಿ ಉರಿಯಿಂದ ಸರಿಸಿ ಎರಡೂ ಕೈಗಳಿಂದ ಎಳೆದರೆ ಮಾರುದ್ದದ ಎಳೆ ಬರುತ್ತದೆ. ನಿಧಾನಕ್ಕೆ ಎಳೆದರೆ ದಪ್ಪ, ಬೇಗ ಎಳೆದರೆ ಕೂದಲಿಗಿಂತ ಸಣ್ಣ. ಹಾಗೆ ಎಳೆದ ಎಳೆ ಅಂಟಿಸಿದ ಮೇಲೆ ಜೋತರೆ, ಊದುಬತ್ತಿಯ ಕೆಂಡವನ್ನು ಮುಟ್ಟದಂತೆ ಹತ್ತಿರ ತಂದರೆ ಸಾಕು, ಎಳೆ ಬಿಗಿಯುತ್ತದೆ. ಅರೆಗಳಿಗೆ ಹೆಚ್ಚಾದರೆ ತುಂಡಾಗುತ್ತದೆ. ಇದು ಬೇಡವಾದರೆ ಹಿಗ್ಗುವ ಎಲಾಸ್ಟಿಕ್ ಎಳೆಗಳು ಅಂಗಡಿಯಲ್ಲಿ ಸಿಗುತ್ತವೆ. ಒಳಗಿನಿಂದ ಹೊರಕ್ಕೆ ಕಟ್ಟುತ್ತ ಬರಬೇಕು, ಇಲ್ಲದಿದ್ದರೆ ಕೈ ಹೋಗಲು ಜಾಗವಿರುವುದಿಲ್ಲ. 1905ರ ಮಿಕಾಸಾಕ್ಕೆ ಕೂವೆಮರದ ಮೇಲಿಂದ ಇಳಿದುಬರುವ ವೈರ್‌ಲೆಸ್ ತಂತಿಯೂ ಬೇಕು. ತ್ಸುಶಿಮಾದ ಬೆಳಗ್ಗೆ ‘ಶಿನಾನೊ ಮಾರು’ ಎಂಬ ಕಾವಲು ಹಡಗು ರಷ್ಯನ್ನರನ್ನು ಕಂಡ ಸುದ್ದಿ ದಳಕ್ಕೆ ತಲುಪಿದ್ದು ವೈರ್‌ಲೆಸ್ಸಿನಿಂದಲೇ. ಮೇಲೆ ಹಾರಿಸುವ ಬಾವುಟಗಳಲ್ಲಿ ಎಲ್ಲರೂ ಹುಡುಕುವುದು ನಾಲ್ಕು ಬಣ್ಣದ ‘ಝಡ್’ ಸಂಕೇತ. ಸಾಮ್ರಾಜ್ಯದ ಅಳಿವು ಉಳಿವು ಈ ಕದನದಲ್ಲಿದೆ, ಎಲ್ಲರೂ ಕೈಲಾದಷ್ಟೂ ಹೋರಾಡಿ ಎಂಬುದು ಟೋಗೊ ಅದಕ್ಕೆ ಕೊಟ್ಟ ಅರ್ಥ.

ತುಕ್ಕು, ಮಸಿ, ಕಲೆಗಳಲ್ಲಿ ಕೈ ಹಿಡಿತದಲ್ಲಿರಬೇಕು. ಕಲ್ಲಿದ್ದಲಿನ ಹಡಗಾದ್ದರಿಂದ ಹೊಗೆಕೊಳವೆಯ ತುದಿಗೆ ಮಸಿ, ಲಂಗರು ಸರಪಳಿ ಇಳಿಯುವ ಕಡೆ ತುಕ್ಕಿನ ಗೆರೆ, ನೀರಿನ ಗೆರೆಯ ಬಳಿ ಉಪ್ಪಿನ ಬಿಳುಪು ಸಹಜ. ಅದಕ್ಕಿಂತ ಹೆಚ್ಚು ಬಳಿದರೆ ಅದು ದಳಪತಿಯ ಹಡಗಲ್ಲ, ಗುಜರಿಗೆ ಹೊರಟ ಹಡಗು. ಕದನಕ್ಕೆ ಮುಂಚೆ ದಳ ಕೊರಿಯಾದ ಚಿನ್‌ಹೇ ಕೊಲ್ಲಿಯಲ್ಲಿ ಕಾಯುತ್ತ ಕವಾಯತು ಮಾಡುತ್ತಿತ್ತು. ಉಜ್ಜಿ ತೊಳೆದು ಬಣ್ಣ ಹಚ್ಚಲು ಆಳುಗಳಿಗೆ ಕೊರತೆಯಿರಲಿಲ್ಲ.

ಮಾದರಿಯನ್ನು ಪೀಠದ ಮೇಲೆ ಪೂರ್ತಿ ಒಡಲು ಕಾಣುವಂತೆ ನಿಲ್ಲಿಸಬಹುದು, ಇಲ್ಲವೆ ಕೃತಕ ಸಮುದ್ರದಲ್ಲಿ ಕೂರಿಸಬಹುದು. ಸಮುದ್ರವೂ ಲೆಕ್ಕ ಕೇಳುತ್ತದೆ. ಅಂದು ಬೆಳಗ್ಗೆ ಟೋಕಿಯೊಗೆ ಹೋದ ತಂತಿಯಲ್ಲಿ ಹವೆ ತಿಳಿಯಾಗಿದೆ, ಅಲೆ ಮಾತ್ರ ಎತ್ತರವಾಗಿದೆ ಎಂಬ ಮಾತಿತ್ತು. ಹಾಗಾಗಿ ಕೆರೆಯಂಥ ನೀರು ಮಾಡಿದರೆ ತ್ಸುಶಿಮಾ ಆಗುವುದಿಲ್ಲ. ಕದನದಲ್ಲಿ ಜಪಾನಿ ಸಾಲಿನ ವೇಗ ಸುಮಾರು 15 ನಾಟ್. ಆಳದ ನೀರಿನಲ್ಲಿ ಆ ವೇಗದ ಹಡಗು ತನ್ನ ಜತೆ ಎಳೆದೊಯ್ಯುವ ಅಲೆಯ ಉದ್ದ 38 ಮೀಟರ್, ಮಾದರಿಯಲ್ಲಿ ಸುಮಾರು 11 ಸೆಂಟಿಮೀಟರ್. ಒಡಲಿನ ಉದ್ದಕ್ಕೆ ಮೂರು, ಮೂರೂವರೆ ಉಬ್ಬು ಬರಬೇಕು. ಹಿಂದೆ ಬಿಚ್ಚಿಕೊಳ್ಳುವ ಅಲೆಯ ಬೀಸಣಿಗೆ ನಡುಗೆರೆಯಿಂದ ಎರಡೂ ಕಡೆಗೆ ಹತ್ತೊಂಬತ್ತೂವರೆ ಡಿಗ್ರಿ, ಹಡಗಿನ ವೇಗ ಹೆಚ್ಚಿರಲಿ ಕಡಿಮೆ ಇರಲಿ. ಈ ಅಳತೆಗೆ ಥರ್ಮೊಕೋಲ್ ಕೆತ್ತಿ, ಮೇಲೆ ಅಂಟಿನಲ್ಲಿ ನೆನೆಸಿದ ಟಿಶ್ಯೂ ಕಾಗದ ಹೊದಿಸಿ, ಹಸಿರುಗಪ್ಪು ಬಣ್ಣ ಕೊಟ್ಟು, ಹೊಳಪಿನ ವಾರ್ನಿಶ್ ಪದರ ಪದರವಾಗಿ ಹಚ್ಚುತ್ತಾರೆ. ನೊರೆಗೆ ಹತ್ತಿಯ ಎಳೆ ಸಾಕು.

ಎಲ್ಲ ಮುಗಿದ ಮೇಲೆ ಅಕ್ರಿಲಿಕ್ ಅಥವಾ ಗಾಜಿನ ಪೆಟ್ಟಿಗೆ ತಪ್ಪದೆ ಬೇಕು. ಇಷ್ಟು ಎಳೆಗಳ ನಡುವೆ ಕೂತ ಧೂಳನ್ನು ಒರೆಸಲು ಆಗುವುದಿಲ್ಲ. ನೇರ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ, ಎಳೆಗಳು ಸಡಿಲಾಗುತ್ತವೆ. ಪೆಟ್ಟಿಗೆಯ ಮರದ ಬಗ್ಗೆ ವಸ್ತುಸಂಗ್ರಹಾಲಯಗಳಿಗೆ ಗೊತ್ತಿರುವ ಒಂದು ಎಚ್ಚರಿಕೆಯಿದೆ. ಓಕ್‌ನಂಥ ಮರಗಳೂ ಕೆಲವು ಅಂಟುಗಳೂ ಮುಚ್ಚಿದ ಜಾಗದಲ್ಲಿ ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ. ಹಳೆಯ ಮಾದರಿಗಳಲ್ಲಿ ಲಂಗರು, ಚಿಕ್ಕ ಫಿರಂಗಿಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದರು. ಆ ಆವಿ ತಾಗಿದ ಸೀಸ ವರ್ಷಗಳಲ್ಲಿ ಉಬ್ಬಿ ಬಿಳಿ ಪುಡಿಯಾಗುತ್ತದೆ, ಬಣ್ಣ ಹೊಡೆದಿದ್ದರೂ ನಿಲ್ಲುವುದಿಲ್ಲ. ಅದಕ್ಕೆ ಸೀಸದ ಬದಲು ಹಿತ್ತಾಳೆ ಅಥವಾ ರೆಸಿನ್ ಬಳಸಿ, ಪೆಟ್ಟಿಗೆಯ ತಳದಲ್ಲಿ ಗಾಳಿಯಾಡಲು ಸಣ್ಣ ತೂತುಗಳನ್ನು ಬಿಟ್ಟು, ಅವಕ್ಕೆ ಧೂಳು ಬಾರದಂತೆ ಬಟ್ಟೆಯ ಜಾಲರಿ ಅಂಟಿಸುತ್ತಾರೆ.